ದಾರ ಬಿಡುವ ವಿದ್ಯೆ

ಮೀನು ಹಿಡಿಯುವುದೆಂದರೆ ದಾರವನ್ನು ಎಳೆಯುವುದು ಎಂಬುದು ಗಾಳವನ್ನು ಎಂದೂ ಕೈಯಲ್ಲಿ ಹಿಡಿಯದವರ ನಂಬಿಕೆ. ಕೆರೆಯ ಏರಿಯ ಮೇಲೆ ಬಿದಿರು ಕೋಲು ಹಿಡಿದು ಕುಳಿತ ಹುಡುಗನ ಮಟ್ಟಿಗೆ ಅದು ಸರಿಯೇ. ಬೆಂಡು ಮುಳುಗಿತು, ಕೋಲು ಎತ್ತಿದ, ಅಂಗೈಯಗಲದ ಮೀನು ಹುಲ್ಲಿನ ಮೇಲೆ ಬಿತ್ತು. ಅಲ್ಲಿಗೆ ಕತೆ ಮುಗಿಯಿತು. ಆದರೆ ಅಮೆರಿಕದ ಪೂರ್ವ ಕರಾವಳಿಯಲ್ಲಿ, ಅಟ್ಲಾಂಟಿಕ್ ಸಾಗರದ ನೊರೆಯೊಳಗೆ ಸೊಂಟದವರೆಗೆ ಇಳಿದು, ಮೂವತ್ತು ನಲವತ್ತು ಪೌಂಡು ತೂಗುವ ಪಟ್ಟೆ ಬ್ಯಾಸ್ ಮೀನಿಗಾಗಿ ಇರುಳೆಲ್ಲ ಗಾಳ ಬೀಸುವ ಮನುಷ್ಯನ ಚಿಂತೆಯೇ ಬೇರೆ. ಎಳೆಯುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಬಿಡುವುದನ್ನು ಕಲಿಯಲು ಅವನಿಗೆ ಕೆಲವು ವರ್ಷಗಳೇ ಬೇಕಾಗುತ್ತವೆ. ದಾರವನ್ನು ಅಳೆದು ಬಿಡುವುದಕ್ಕೆಂದೇ ಅವನ ರೀಲಿನಲ್ಲಿ ಒಂದು ಪುಟ್ಟ ಏರ್ಪಾಡು ಉಂಟು. ಅದರ ಹೆಸರು ಡ್ರ್ಯಾಗ್. ಕನ್ನಡದಲ್ಲಿ ‘ಬಿಗಿ’ ಎಂದರೆ ಸಾಕು.

ಮೀನಿನ ಪರಿಚಯ ಮೊದಲು ಆಗಲಿ. ಬೆಳ್ಳಿಯಂಥ ಮೈ, ಅದರ ಉದ್ದಕ್ಕೂ ಕಿವಿರಿನಿಂದ ಬಾಲದವರೆಗೆ ಏಳೆಂಟು ಕಪ್ಪು ಗೆರೆಗಳು. ಹುಟ್ಟುವುದು ಸಿಹಿನೀರಿನಲ್ಲಿ, ಬೆಳೆಯುವುದು ಉಪ್ಪುನೀರಿನಲ್ಲಿ. ಚೆಸಪೀಕ್ ಕೊಲ್ಲಿಯನ್ನು ಸೇರುವ ಹೊಳೆಗಳಲ್ಲಿಯೂ ಹಡ್ಸನ್, ಡೆಲವೇರ್ ನದಿಗಳಲ್ಲಿಯೂ ವಸಂತದಲ್ಲಿ ಮೊಟ್ಟೆಯಿಟ್ಟು, ತೀರದ ಗುಂಟ ಉತ್ತರಕ್ಕೆ ಪಯಣ ಹೊರಟು, ಶರತ್ಕಾಲದ ಚಳಿ ತಾಗಿದೊಡನೆ ದಕ್ಷಿಣಕ್ಕೆ ಮರಳುತ್ತದೆ. ೧೬೩೯ರಷ್ಟು ಹಿಂದೆಯೇ ಮ್ಯಾಸಚೂಸೆಟ್ಸ್ ವಸಾಹತಿನ ಆಡಳಿತದವರು ಈ ಮೀನನ್ನು ಹೊಲಕ್ಕೆ ಗೊಬ್ಬರವಾಗಿ ಸುರಿಯಬಾರದೆಂದು ಕಟ್ಟಳೆ ಮಾಡಿದ್ದರು. ಗೊಬ್ಬರಕ್ಕೆ ಸುರಿಯುವಷ್ಟು ಹುಲುಸಾಗಿತ್ತೆಂಬುದೂ, ಆ ಹುಲುಸು ಒಂದು ದಿನ ಮುಗಿದೀತೆಂಬ ಭಯ ಆಗಲೇ ಹುಟ್ಟಿತ್ತೆಂಬುದೂ ಆ ಒಂದೇ ಕಟ್ಟಳೆಯಿಂದ ತಿಳಿಯುತ್ತವೆ. ೧೮೬೪ರಲ್ಲಿ ಸಿರಿವಂತರು ಕೆಲವರು ಕಟ್ಟಿಹಂಕ್ ಎಂಬ ದ್ವೀಪದಲ್ಲಿ ಈ ಮೀನಿಗಾಗಿಯೇ ಒಂದು ಕ್ಲಬ್ಬು ತೆರೆದರು. ಬಂಡೆಯಿಂದ ಬಂಡೆಗೆ ಹಲಗೆ ಹಾಸಿ, ಅದರ ತುದಿಯಲ್ಲಿ ಕುಳಿತು, ಲಾಬ್‌ಸ್ಟರಿನ ಬಾಲವನ್ನು ಎರೆಯಾಗಿ ಕಟ್ಟುತ್ತಿದ್ದರು. ಇಂದಿನ ಬೆಲೆಯಲ್ಲಿ ಲೆಕ್ಕ ಹಾಕಿದರೆ ಮೀನಿಗಿಂತ ಎರೆಯೇ ದುಬಾರಿಯಾದೀತು!

ಆ ಮಹನೀಯರ ರೀಲುಗಳಲ್ಲಿ ಈ ಏರ್ಪಾಡು ಇರಲಿಲ್ಲ. ಮೀನು ಓಡತೊಡಗಿದರೆ ಸುರುಳಿ ಹುಚ್ಚು ಹಿಡಿದಂತೆ ತಿರುಗುತ್ತಿತ್ತು. ಅದರೊಂದಿಗೆ ಹಿಡಿಕೆಯೂ ಗಿರ್ರನೆ ತಿರುಗಿ ಬೆರಳ ಗೆಣ್ಣುಗಳನ್ನು ಜಜ್ಜುತ್ತಿತ್ತು. ಹೆಬ್ಬೆರಳಿಗೆ ಕವಚ ತೊಟ್ಟು ಸುರುಳಿಯನ್ನು ಒತ್ತಿ ಹಿಡಿಯುವುದೊಂದೇ ಉಪಾಯ. ರೀಲಿನ ಒಳಗೇ ತಡೆಯನ್ನು ಅಡಗಿಸುವ ವಿದ್ಯೆ ೨೦ನೆಯ ಶತಮಾನದ ಆರಂಭದಲ್ಲಿ ಬೆಳೆಯಿತು. ೧೯೧೩ರಲ್ಲಿ ವಿಲಿಯಂ ಬೋಶನ್ ಎಂಬಾತ ಕ್ಯಾಲಿಫೋರ್ನಿಯದ ಕ್ಯಾಟಲಿನ ದ್ವೀಪದ ಬಳಿ ಅಂಥ ರೀಲಿನಿಂದ ಕತ್ತಿಮೀನನ್ನು ಹಿಡಿದ ಮೇಲೆ ಅದರ ಕೀರ್ತಿ ಹಬ್ಬಿತು. ಅದೇ ವರ್ಷ ಕಟ್ಟಿಹಂಕಿನ ಬಳಿ ಚಾರ್ಲ್ಸ್ ಚರ್ಚ್ ಎಂಬವರು ೭೩ ಪೌಂಡಿನ ಪಟ್ಟೆ ಬ್ಯಾಸನ್ನು ಹಿಡಿದರು. ಆ ತೂಕವನ್ನು ಮೀರಿಸಲು ಮುಂದಿನವರಿಗೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಏರ್ಪಾಡು ನೋಡಲು ಸರಳ. ಒಂದು ಲೋಹದ ಬಿಲ್ಲೆ, ಅದರ ಮೇಲೆ ಫೆಲ್ಟಿನದೋ ಕಾರ್ಬನ್ ನಾರಿನದೋ ಒಂದು ಬಿಲ್ಲೆ, ಮತ್ತೆ ಲೋಹ, ಮತ್ತೆ ನಾರು. ಹೀಗೆ ನಾಣ್ಯಗಳನ್ನು ಅಡುಕಿದಂತೆ ಅಡುಕಿ, ಮೇಲಿನಿಂದ ಒಂದು ತಿರುಪಿನಿಂದ ಅದುಮುತ್ತಾರೆ. ಘಾಟಿ ಇಳಿಯುವ ಎತ್ತಿನ ಗಾಡಿಯ ಚಕ್ರಕ್ಕೆ ಮರದ ತುಂಡನ್ನು ಒತ್ತಿ ಹಿಡಿಯುವುದನ್ನು ಕಂಡವರಿಗೆ ಇದರ ಮರ್ಮ ಹೊಸದಲ್ಲ. ತಿರುಪನ್ನು ಎಷ್ಟು ಬಿಗಿದಿದೆಯೋ ಅಷ್ಟು ಬಲಕ್ಕಿಂತ ಮೀನಿನ ಎಳೆತ ಕಡಿಮೆಯಿದ್ದರೆ ಸುರುಳಿ ಕದಲದು. ಮೀರಿದರೆ ಬಿಲ್ಲೆಗಳು ಜಾರಿ, ಕಿರ್ರೆಂಬ ಸದ್ದಿನೊಡನೆ ದಾರ ಹೊರಡುತ್ತದೆ.

ಹಾಗಾದರೆ ಬಿಗಿ ಎಷ್ಟಿರಬೇಕು? ದಾರ ತಡೆಯಬಲ್ಲ ಭಾರದ ಕಾಲು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ಎಂಬುದು ಅನುಭವಿಗಳ ಕ್ರಮ. ೨೦ ಪೌಂಡಿನ ದಾರಕ್ಕೆ ೫ರಿಂದ ೬ ಪೌಂಡು ಎಂದು ಇಟ್ಟುಕೊಳ್ಳಬಹುದು. ಇದನ್ನು ಬೆರಳಿನಿಂದ ಎಳೆದು ನೋಡಿ ಅಂದಾಜು ಮಾಡುವವರೇ ಹೆಚ್ಚು. ಬೆರಳಿನಷ್ಟು ಸುಳ್ಳು ಹೇಳುವ ತಕ್ಕಡಿ ಮತ್ತೊಂದಿಲ್ಲ. ಎಚ್ಚರದ ಬೇಟೆಗಾರ ಹಗಲಿನಲ್ಲಿ, ಒಣ ನೆಲದ ಮೇಲೆ ನಿಂತು, ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ, ಕೋಲನ್ನು ಮೀನು ಹಿಡಿದಾಗ ಎತ್ತುವಂತೆಯೇ ಓರೆಯಾಗಿ ಎತ್ತಿ ಹಿಡಿದು ಎಳೆಯುತ್ತಾನೆ. ಕೋಲು ಬಾಗಿದಾಗ ದಾರ ಬಳೆಗಳಿಗೆ ಉಜ್ಜಿ ಬಿಗಿ ಹೆಚ್ಚುತ್ತದೆ. ರೀಲಿನಿಂದ ನೇರವಾಗಿ ಎಳೆದು ನೋಡಿದವನಿಗೆ ಈ ಹೆಚ್ಚಳ ಕಾಣದು.

ಮಿತವ್ಯಯದ ಗೃಹಸ್ಥರು ಇಲ್ಲಿ ಕೇಳಬಹುದು: ಇಪ್ಪತ್ತು ಪೌಂಡಿಗೆ ಹಣ ತೆತ್ತು ಆರೇ ಪೌಂಡು ಬಳಸಿದರೆ ಉಳಿದದ್ದು ದಂಡವಲ್ಲವೆ? ದಂಡವಲ್ಲ. ಅದಕ್ಕೆ ಪಾಲುದಾರರು ಅನೇಕರಿದ್ದಾರೆ. ದಾರಕ್ಕೆ ಹಾಕಿದ ಗಂಟು ಒಂದು ಪಾಲನ್ನು ತಿನ್ನುತ್ತದೆ. ನಿಂತ ಬಿಲ್ಲೆಯನ್ನು ಕದಲಿಸಲು ಜಾರುವ ಬಿಲ್ಲೆಗಿಂತ ಹೆಚ್ಚು ಬಲ ಬೇಕು. ಮೀನು ಮೊದಲು ಜಗ್ಗುವ ಆ ಕ್ಷಣವೇ ಅನೇಕ ದಾರಗಳ ಕೊನೆಯ ಕ್ಷಣ. ನೂರು ಗಜ ದಾರ ನೀರಿನಲ್ಲಿ ಬಿಲ್ಲಿನಂತೆ ಬಾಗಿ ಎಳೆಯಲ್ಪಟ್ಟಾಗ ನೀರೇ ಒಂದು ಭಾರ. ಇವೆಲ್ಲಕ್ಕಿಂತ ಕುಟಿಲವಾದದ್ದು ಸುರುಳಿಯ ಲೆಕ್ಕ. ದಾರ ಹೊರಟಷ್ಟೂ ಸುರುಳಿ ತೆಳ್ಳಗಾಗುತ್ತದೆ. ಅದರ ವ್ಯಾಸ ಅರ್ಧಕ್ಕೆ ಇಳಿದರೆ ದಾರದ ಮೇಲಿನ ಎಳೆತ ಎರಡರಷ್ಟಾಗುತ್ತದೆ. ತಿರುಪನ್ನು ಯಾರೂ ಮುಟ್ಟದೆ ಆರು ಪೌಂಡು ಹನ್ನೆರಡಾಯಿತು, ಊರ ಸಾಹುಕಾರನ ಬಡ್ಡಿಯ ಹಾಗೆ! ದಾರ ಮುಗಿಯುತ್ತಿದೆಯೆಂದು ಗಾಬರಿಗೊಂಡ ಹೊಸಬ ಅದೇ ಗಳಿಗೆಯಲ್ಲಿ ತಿರುಪನ್ನು ಇನ್ನಷ್ಟು ಬಿಗಿಯುತ್ತಾನೆ. ಟಪ್ಪೆಂಬ ಒಂದು ಸದ್ದು, ಕೋಲು ನೆಟ್ಟಗಾಗುತ್ತದೆ, ಬಾಯಲ್ಲಿ ಕೊಕ್ಕೆ ಸಿಕ್ಕಿಸಿಕೊಂಡ ಮೀನು ಕತ್ತಲೆಯ ಕಡಲನ್ನು ಸೇರುತ್ತದೆ.

ಇಷ್ಟು ಕೇಳಿದ ಮೇಲೆ ಸಡಿಲವಾಗಿ ಇಡುವುದೇ ಕ್ಷೇಮ, ದಾರವೂ ಉಳಿಯಿತು, ಮೀನಿಗೂ ದಯೆ ತೋರಿದಂತಾಯಿತು ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಆ ದಯೆಯಲ್ಲಿ ವಿಷವಿದೆ. ಬಿಗಿಯಿಲ್ಲದ ದಾರದಲ್ಲಿ ಮೀನು ಮತ್ತೆ ಮತ್ತೆ ಓಡುತ್ತದೆ. ಅರ್ಧ ಗಂಟೆ ಹೋರಾಡಿ, ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ, ದಡಕ್ಕೆ ಬರುವ ಹೊತ್ತಿಗೆ ಈಜಲಾರದ ಸ್ಥಿತಿಗೆ ಇಳಿದಿರುತ್ತದೆ. ನೀರು ಬೆಚ್ಚಗಾಗಿ ಅದರಲ್ಲಿ ಕರಗಿದ ಪ್ರಾಣವಾಯು ಕಡಿಮೆಯಾಗುವ ಬೇಸಗೆಯ ತಿಂಗಳುಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಹಿಡಿದು ತಿನ್ನುವುದಾದರೆ ಇದರಿಂದೇನು ಎನ್ನಬಹುದು. ತಿನ್ನುವಂತಿಲ್ಲವೆಂಬುದೇ ಇಲ್ಲಿಯ ಕಷ್ಟ. ೧೯೭೦ರ ದಶಕದಲ್ಲಿ ಈ ಮೀನು ಎಷ್ಟು ಕ್ಷೀಣಿಸಿತೆಂದರೆ ೧೯೮೪ರಲ್ಲಿ ಅದರ ರಕ್ಷಣೆಗೆಂದೇ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಮರುವರ್ಷದಿಂದ ಐದು ವರ್ಷ ಮೇರಿಲೆಂಡ್ ರಾಜ್ಯ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು. ಮೀನು ಮರಳಿ ಬಂದಿತು, ಮತ್ತೆ ಇಳಿಯತೊಡಗಿತು. ೨೦೨೩ರಲ್ಲಿ ಕಡಲ ತೀರದ ಹವ್ಯಾಸಿಗಳಿಗೆ ೨೮ರಿಂದ ೩೧ ಅಂಗುಲದ ಮೀನನ್ನು ಮಾತ್ರ, ದಿನಕ್ಕೆ ಒಂದರಂತೆ, ಇಟ್ಟುಕೊಳ್ಳಬಹುದೆಂಬ ಮಿತಿ ಬಂದಿತು. ಅದಕ್ಕಿಂತ ದೊಡ್ಡದನ್ನು ನೀರಿಗೆ ಮರಳಿಸಲೇಬೇಕು. ಮೂವತ್ತು ಪೌಂಡು ದಾಟಿದವು ಬಹುಮಟ್ಟಿಗೆ ಎಲ್ಲವೂ ಹೆಣ್ಣು. ಒಂದೊಂದರ ಬಸಿರಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ. ಹೀಗೆ ಬಿಟ್ಟ ಮೀನುಗಳಲ್ಲಿ ನೂರಕ್ಕೆ ಒಂಬತ್ತು ಬದುಕುವುದಿಲ್ಲವೆಂದು ಅಲ್ಲಿಯ ಮೀನುಗಾರಿಕೆಯ ಲೆಕ್ಕದಲ್ಲಿ ಹಿಡಿಯುತ್ತಾರೆ. ಆ ಒಂಬತ್ತರಲ್ಲಿ ಒಂದಾಗುವುದೋ ಉಳಿದ ತೊಂಬತ್ತೊಂದರಲ್ಲಿ ಸೇರುವುದೋ ಎಂಬುದನ್ನು ಸಂಜೆ ತಿರುಗಿಸಿದ ಒಂದು ತಿರುಪು ಎಷ್ಟೋ ವೇಳೆ ತೀರ್ಮಾನಿಸಿಬಿಡುತ್ತದೆ.

ಜಾಗವನ್ನೂ ನೋಡಬೇಕು. ಬರಿಯ ಮರಳಿನ ತೀರದಲ್ಲಿ ಮೀನಿನ ಮೊದಲ ಓಟಕ್ಕೆ ಧಾರಾಳವಾಗಿ ದಾರ ಕೊಡಬಹುದು. ಅಲ್ಲಿ ಅದು ಅಡಗಲು ಏನೂ ಇಲ್ಲ. ಲಾಂಗ್ ಐಲೆಂಡಿನ ತುದಿಯ ಮಾಂಟಾಕ್‌ನಲ್ಲಿ ನೀರಿನಡಿ ಹೆಬ್ಬಂಡೆಗಳು. ಅಲ್ಲಿ ಇಪ್ಪತ್ತು ಗಜ ಬಿಟ್ಟರೆ ದಾರ ಬಂಡೆಗೆ ಉಜ್ಜಿ ಹರಿಯಿತೆಂದೇ ತಿಳಿಯಬೇಕು. ಅಂಥ ಕಡೆ ದಪ್ಪ ದಾರ ಸುತ್ತಿ ಬಿಗಿಯನ್ನು ಏರಿಸುವುದೇ ವಿವೇಕ. ಬಂಡೆ ಮತ್ತು ಸೆಳವಿನ ಈ ಸಂಕಟ ಕಾವೇರಿ, ಕಪಿಲೆಗಳಲ್ಲಿ ಗಾಳ ಹಾಕಿದವರಿಗೆ ಗೊತ್ತಿದ್ದದ್ದೇ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು ಕಪಿಲೆಯಲ್ಲಿ ೧೨೦ ಪೌಂಡಿನ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್ ೨೦೧೮ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಯನ್ನು ಸೇರಿತು.

ಬೆಳಗಿನ ಜಾವ ಬೇಟೆ ಮುಗಿಸಿ ಮನೆಗೆ ಬಂದವನಿಗೆ ಒಂದು ಕೆಲಸ ಉಳಿದಿರುತ್ತದೆ. ರೀಲಿನ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ತಿರುಪನ್ನು ಪೂರ್ತಿಯಾಗಿ ಸಡಿಲಿಸಿ ಇಡಬೇಕು. ಬಿಗಿದೇ ಇಟ್ಟರೆ ಬಿಲ್ಲೆಗಳು ಅದುಮಿ ಅಂಟಿಕೊಂಡು, ಮುಂದಿನ ಮೀನಿನ ಮೊದಲ ಜಗ್ಗಿಗೆ ಕದಲದೆ ಕೂತುಬಿಡುತ್ತವೆ. ಮರುದಿನ ಸಂಜೆ ಹೊರಡುವ ಮುಂಚೆ ತಕ್ಕಡಿಯನ್ನು ಮತ್ತೆ ಹುಡುಕಬೇಕು. ಅದು ಸಾಮಾನ್ಯವಾಗಿ ಅಡುಗೆಮನೆಯಲ್ಲಿ ಸಿಗುತ್ತದೆ.