ಜರಡಿಯೂ ಪದಚ್ಛೇದವೂ

ಹಳೆಯ ಪಾಠಕ್ರಮದಲ್ಲಿ ಕಾವ್ಯವನ್ನು ಕೈಗೆತ್ತಿಕೊಂಡ ವಿದ್ಯಾರ್ಥಿಗೆ ಗುರುಗಳು ಮೊದಲು ಕಲಿಸುತ್ತಿದ್ದುದು ಪದಚ್ಛೇದ. ಒಂದು ಪದ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಮೊದಲಾಗುತ್ತದೆಂಬುದು ತಿಳಿಯದೆ ಅನ್ವಯವಿಲ್ಲ, ಅನ್ವಯವಿಲ್ಲದೆ ಅರ್ಥವಿಲ್ಲ. ವಿದ್ವತ್ ಪರೀಕ್ಷೆಗೆಂದು ಓದಿದ ಆ ಪಾಠವು ನಮ್ಮ ಪ್ರೌಢಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಉಪಯೋಗಕ್ಕೆ ಬಂದ ಬಗೆಯನ್ನು ಇಲ್ಲಿ ನಿವೇದಿಸುತ್ತೇನೆ.

ದಾನಿಗಳ ಔದಾರ್ಯದಿಂದಲೂ ಹಳೆಯ ವಿದ್ಯಾರ್ಥಿಗಳ ಅಭಿಮಾನದಿಂದಲೂ ನಮ್ಮಲ್ಲಿಗೆ ಗಣಕಯಂತ್ರಗಳು ಬಂದು ಅಂತರಜಾಲದ ಸಂಪರ್ಕವೂ ಒದಗಿದ ಸಂಗತಿ ವಾಚಕ ಮಹಾಶಯರಿಗೆ ವಿದಿತವೇ ಆಗಿದೆ. ಸಂಪರ್ಕದೊಡನೆ ಫಿಲ್ಟರ್ ಎಂಬ ಒಂದು ಜರಡಿಯೂ ಬಂದಿತು. ಬೇಡದ ಜಾಲತಾಣಗಳನ್ನು ಮಕ್ಕಳ ಕಣ್ಣಿಗೆ ಬೀಳದಂತೆ ತಡೆಯುವುದು ಅದರ ಕೆಲಸ. ಅಂಥ ಜರಡಿ ಬೇಡವೆಂದು ನಾನು ಹೇಳುವವನಲ್ಲ. ಹದಿಮೂರರ ಬಾಲಕನ ಮುಂದೆ ಲೋಕದ ಕಶ್ಮಲವನ್ನೆಲ್ಲ ಸುರಿದು, ಆರಿಸಿಕೋ ಎನ್ನುವುದು ಶಿಕ್ಷಣವಲ್ಲ. ಅಂತರಜಾಲಕ್ಕಾಗಿ ಕೇಂದ್ರದ ರಿಯಾಯಿತಿ ಪಡೆಯುವ ಶಾಲೆಗಳಿಗೂ ಗ್ರಂಥಾಲಯಗಳಿಗೂ ಅಮೆರಿಕ ದೇಶವು 2000ದಲ್ಲಿ ಕಾನೂನಿನಿಂದಲೇ ಇದನ್ನು ಕಡ್ಡಾಯಗೊಳಿಸಿತು. ಆದರೆ ವಯಸ್ಕರು ನಿಜವಾದ ಸಂಶೋಧನೆಗಾಗಿ ಕೇಳಿದಲ್ಲಿ ತಡೆಯನ್ನು ತೆಗೆಯಬಹುದೆಂಬ ಅವಕಾಶವನ್ನೂ ಆ ಕಾನೂನಿನಲ್ಲಿಯೇ ಇರಿಸಲಾಗಿದೆ. ನಮ್ಮಲ್ಲಿಯಾದರೋ ತಡೆ ಮಾತ್ರ ಬಂದಿತು. ಯಾರನ್ನು ಕೇಳಬೇಕೆಂಬುದು ಬರಲಿಲ್ಲ.

ಹತ್ತನೆಯ ತರಗತಿಯವರಿಗೆ ಒಂದು ಶಬ್ದದ ಪ್ರಾಚೀನ ಪ್ರಯೋಗವನ್ನು ತೋರಿಸಲೆಂದು, 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟಿನ ಪುಟವನ್ನು ಇಂಟರ್ನೆಟ್ ಆರ್ಕೈವ್ ಎಂಬ ಜಾಲಗ್ರಂಥಾಲಯದಿಂದ ತೆರೆಯಹೋದೆ. ಸುಮಾರು 70,000 ಶಬ್ದಗಳ ಆ ಮಹಾಕೋಶದ ಬದಲು ಕೆಂಪು ಫಲಕವೊಂದು ಕಾಣಿಸಿಕೊಂಡಿತು. ಕಾರಣವನ್ನು ಆಮೇಲೆ ಪಟ್ಟಣದ ತಂತ್ರಜ್ಞರು ವಿವರಿಸಿದರು. ಈಗಿನ ಜಾಲತಾಣಗಳ ಪತ್ರವ್ಯವಹಾರವೆಲ್ಲ ಮೊಹರು ಮಾಡಿದ ಲಕೋಟೆಯಂತೆ ಗೂಢಲಿಪಿಯಲ್ಲಿ ನಡೆಯುತ್ತದೆ. ನಮ್ಮ ಜರಡಿ ಆ ಮೊಹರನ್ನು ಒಡೆಯುವುದಿಲ್ಲ. ಅದಕ್ಕೆ ಕಾಣುವುದು ಮನೆಯ ಹೆಸರು ಮಾತ್ರ, ಒಳಗಣ ಕೋಣೆಯಲ್ಲ. ಆ ಗ್ರಂಥಾಲಯದಲ್ಲಿ ಚಲನಚಿತ್ರಗಳೂ ಹಾಡುಗಳೂ ಇರುವುದರಿಂದ ಮನೆಗೇ ಬೀಗ. ಭಾರತೀಯ ಡಿಜಿಟಲ್ ಗ್ರಂಥಾಲಯದ ಯೋಜನೆಯಲ್ಲಿ ಪ್ರತಿಮಾಡಿದ ಹಳೆಯ ಕನ್ನಡ ಪುಸ್ತಕಗಳ ರಾಶಿಯೂ ಅದರೊಳಗೇ ಉಳಿಯಿತು. ಇದು ನಮ್ಮ ಶಾಲೆಯೊಂದರ ಪಾಡಲ್ಲ. ಚಿತ್ರಗಳ ಕಳ್ಳಪ್ರತಿಯನ್ನು ತಡೆಯಲೆಂದು ಮದರಾಸು ಉಚ್ಚ ನ್ಯಾಯಾಲಯವು ನೀಡಿದ ಆದೇಶದ ಫಲವಾಗಿ 2017ರ ಆಗಸ್ಟ್ ತಿಂಗಳಲ್ಲಿ ಇದೇ ಗ್ರಂಥಾಲಯವು ನಮ್ಮ ದೇಶದಲ್ಲಿ ಕೆಲಕಾಲ ಮುಚ್ಚಿತ್ತು.

ನಿಘಂಟು ನನ್ನ ಕಪಾಟಿನಲ್ಲಿದೆ, ನನಗೆ ನಷ್ಟವಿಲ್ಲ. ನನ್ನ ನಿದ್ದೆಗೆಡಿಸಿದ್ದು ಬೇರೊಂದು ಪ್ರಸಂಗ. ಒಬ್ಬ ವಿದ್ಯಾರ್ಥಿನಿಯ ತಾಯಿಗೆ ಸ್ತನದಲ್ಲಿ ಗಂಟು ಕಂಡು, ಬೆಂಗಳೂರಿಗೆ ಹೋಗಬೇಕೆಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ಅಂತರಜಾಲವಿಲ್ಲ. ಆ ಹುಡುಗಿ ಬಿಡುವಿನ ವೇಳೆಯಲ್ಲಿ ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ ಹುಡುಕಿದಳು. ಪುಟ ಅಸಭ್ಯವೆಂದು ಕೆಂಪು ಫಲಕ ಸಾರಿತು. ಅಕ್ಕಪಕ್ಕದವರು ನೋಡಿದರು. ಅವಳು ಯಂತ್ರವನ್ನು ನಿಲ್ಲಿಸಿ ಎದ್ದು ಬಂದು, ತಾನು ತಪ್ಪು ಮಾಡಿದೆನೆಂದು ಗದ್ಗದಿತಳಾಗಿ ನನ್ನೊಡನೆ ಹೇಳಿದಳು. ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಮರುದಿನವೇ ಬೇಕಾದ ವಿಷಯವನ್ನು ಮನೆಯಲ್ಲಿ ಮುದ್ರಿಸಿ ತಂದು ಏಕಾಂತದಲ್ಲಿ ತಿಳಿಸಿಕೊಟ್ಟರು. ಆದರೂ ಹೆತ್ತವಳ ರೋಗವನ್ನು ಮಗಳ ಮುಂದೆ ಅಸಭ್ಯವೆಂದು ಕರೆದ ಆ ಫಲಕವನ್ನು ನಾನು ಕ್ಷಮಿಸಲಾರೆ. ಯಂತ್ರವನ್ನು ಕ್ಷಮಿಸುವುದೇನು ಬಂತು ಎನ್ನಬಹುದು, ಇರಲಿ.

ಇಂಥ ಪ್ರಮಾದಗಳಿಗೆ ಇಂಗ್ಲಿಷ್ ದೇಶಗಳಲ್ಲಿ ಹಳೆಯ ಚರಿತ್ರೆಯೇ ಇದೆ. ಇಂಗ್ಲೆಂಡಿನ ಸ್ಕನ್‌ಥೋರ್ಪ್ ಎಂಬ ಊರಿನ ಹೆಸರಿನ ನಡುವೆ ನಾಲ್ಕು ಅಕ್ಷರಗಳ ಒಂದು ಬೈಗುಳ ಅಡಗಿರುವುದರಿಂದ, 1996ರಲ್ಲಿ ಅಲ್ಲಿನ ನಿವಾಸಿಗಳು ಒಂದು ಜಾಲಸೇವೆಯಲ್ಲಿ ಹೆಸರು ನೋಂದಾಯಿಸಲಾರದೆ ಹೋದರು. ಬೀವರ್ ಎಂಬುದು ಹೊಳೆಗೆ ಒಡ್ಡು ಕಟ್ಟುವ ನಿರಪರಾಧಿ ಪ್ರಾಣಿ. ಆಡುಮಾತಿನಲ್ಲಿ ಅದಕ್ಕೆ ಹೇಳಬಾರದ ಇನ್ನೊಂದು ಅರ್ಥವುಂಟು. ಪೆನ್ಸಿಲ್ವೇನಿಯದ ಬೀವರ್ ಕಾಲೇಜು 2001ರಲ್ಲಿ ಆರ್ಕೇಡಿಯ ವಿಶ್ವವಿದ್ಯಾಲಯವೆಂದು ಹೆಸರು ಬದಲಿಸಿದ್ದಕ್ಕೆ ಜರಡಿಗಳ ಕಾಟವೂ ಒಂದು ಕಾರಣ.

ಇವೆರಡನ್ನೂ ಓದಿದಾಗ ನನಗೆ ಕಾಶ್ಮೀರದ ವಾಮನನ ನೆನಪಾಗದೆ ಇರಲಿಲ್ಲ. ಸುಮಾರು ಕ್ರಿ.ಶ. 800ರ ಈ ಆಲಂಕಾರಿಕನು ಅಶ್ಲೀಲದೋಷವನ್ನು ವಿಚಾರಿಸುತ್ತ ಎರಡು ಬಗೆಯನ್ನು ಹೇಳುತ್ತಾನೆ: ಪದಕ್ಕೆ ಅಸಭ್ಯವಾದ ಮತ್ತೊಂದು ಅರ್ಥವಿರುವುದು ಒಂದು, ಪದದ ತುಣುಕೊಂದು ಅಸಭ್ಯವನ್ನು ನೆನಪಿಗೆ ತರುವುದು ಇನ್ನೊಂದು. ಬೀವರ್ ಮೊದಲನೆಯದು, ಸ್ಕನ್‌ಥೋರ್ಪ್ ಎರಡನೆಯದು! ಜರಡಿಯ ವಿದ್ಯೆ ಇಷ್ಟಕ್ಕೇ ಮುಗಿಯಿತು. ವಾಮನನು ಅಲ್ಲಿಗೆ ನಿಲ್ಲಲಿಲ್ಲ. ಅಸಭ್ಯಾರ್ಥವು ಅಪ್ರಸಿದ್ಧವಾಗಿದ್ದರೆ, ಲಕ್ಷಣೆಯಿಂದ ಮಾತ್ರ ಬರುವುದಾದರೆ, ಅಥವಾ ಲೋಕವೇ ಆ ಪದವನ್ನು ನಿರ್ಮಲವೆಂದು ಒಪ್ಪಿದ್ದರೆ ದೋಷವಿಲ್ಲವೆಂದು ಅಪವಾದಗಳನ್ನು ಹೇಳಿದನು. ಭಗಿನಿ ಎಂಬ ಪದವನ್ನು ಸೀಳಿ ನೋಡಿ ನಾಚುವವರುಂಟೆ? ಇದೇ ಪ್ರಸಂಗದಲ್ಲಿ ನಮ್ಮ ಆಲಂಕಾರಿಕರು ಶಿವಲಿಂಗವನ್ನೇ ನಿದರ್ಶನವಾಗಿ ತಂದು, ಅದನ್ನು ಕಂಡು ಅಸಭ್ಯಭಾವನೆ ಯಾರಿಗೆ ಹುಟ್ಟೀತೆಂದು ಕೇಳುತ್ತಾರೆ. ಅಪವಾದವನ್ನು ಗುರುತಿಸಲು ಪ್ರಕರಣಜ್ಞಾನವುಳ್ಳ ಸಹೃದಯ ಬೇಕು. ಆತನು ಶಾಲೆಯಲ್ಲಿ ಉಪಾಧ್ಯಾಯನಲ್ಲದೆ ಮತ್ತಾರು?

ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ನಮ್ಮ ಜರಡಿಗೆ ಕನ್ನಡದ ಅಕ್ಷರಾಭ್ಯಾಸವೇ ಆಗಿಲ್ಲ. ಕನ್ನಡ ಲಿಪಿಯಲ್ಲಿ ಬರೆದ ಹೊಲಸು ಸುಲಲಿತವಾಗಿ ಸೋರಿಬರುತ್ತದೆ. ಚೂಟಿ ಹುಡುಗರು ವಿ.ಪಿ.ಎನ್. ಎಂಬ ಕಳ್ಳದಾರಿಯನ್ನು ಬಲ್ಲರು. ಹೇಳಿದ ಮಾತು ಕೇಳುವ ಮಕ್ಕಳೇ ಫಲಕದ ಮುಂದೆ ನಿಲ್ಲುವವರು.

ಈ ಎಲ್ಲವನ್ನೂ ಬರೆದು ಮುಖ್ಯೋಪಾಧ್ಯಾಯರಲ್ಲಿ ವಿಜ್ಞಾಪಿಸಿಕೊಂಡೆ. ಯಂತ್ರದ ವಿಷಯ ಕನ್ನಡ ಪಂಡಿತರಿಗೇಕೆಂದು ಒಬ್ಬಿಬ್ಬರು ನಕ್ಕದ್ದುಂಟು. ಆಡಳಿತ ಮಂಡಳಿಯವರು ಮಾತ್ರ ಕಿವಿಗೊಟ್ಟರು. ಈಗ ಕೊಠಡಿಯಲ್ಲಿ ಒಂದು ಪುಸ್ತಕವನ್ನಿರಿಸಿದೆ. ಬೇಕಾದ ತಾಣದ ಹೆಸರನ್ನು ಯಾವ ವಿದ್ಯಾರ್ಥಿಯೂ ಬರೆಯಬಹುದು, ಕಾರಣ ಹೇಳಬೇಕಾಗಿಲ್ಲ. ಅನುಮತಿಯ ಪಟ್ಟಿಗೆ ಸೇರಿಸುವ ಗುಪ್ತಪದವನ್ನು ಮೂವರು ಉಪಾಧ್ಯಾಯರಿಗೆ ಕೊಟ್ಟಿದ್ದಾರೆ. ಅವರಲ್ಲೊಬ್ಬರು ಮಹಿಳೆಯೇ ಆಗಿರಬೇಕೆಂಬುದು ನನ್ನ ಹಟವಾಗಿತ್ತು. ಸಂಪರ್ಕವಿಲ್ಲದೆಯೂ ಓದಬಹುದಾದ ಕನ್ನಡ ವಿಕಿಪೀಡಿಯದ ಪ್ರತಿಯನ್ನು ಕಿವಿಕ್ಸ್ ಎಂಬ ಉಚಿತ ತಂತ್ರಾಂಶದ ಮೂಲಕ ಶಾಲೆಯ ಯಂತ್ರದಲ್ಲಿಯೇ ಇಳಿಸಿದ್ದೇವೆ. ಕಿಟ್ಟೆಲರೂ ಅದರ ಪಕ್ಕದಲ್ಲಿದ್ದಾರೆ. ಫಲಕದಿಂದ ಅಸಭ್ಯವೆಂಬ ಮಾತನ್ನು ತೆಗೆಸಿ, ಉಪಾಧ್ಯಾಯರನ್ನು ಕೇಳಿರಿ ಎಂದು ಕನ್ನಡದಲ್ಲಿ ಬರೆಸಿದೆವು. ಅದರ ಕೆಂಪು ಬಣ್ಣವನ್ನು ಬದಲಿಸಲು ಬರುವುದಿಲ್ಲವೆಂದು ತಂತ್ರಜ್ಞರು ಹೇಳುತ್ತಿದ್ದಾರೆ. ಆ ಪತ್ರವ್ಯವಹಾರ ಇನ್ನೂ ನಡೆದಿದೆ.