ಮೀನಿನ ತೊಟ್ಟಿಗೆ ಮನೆಯಲ್ಲೇ ಓಝೋನ್: ಯಾವುದನ್ನ ನಾವೇ ಮಾಡಬಹುದು, ಯಾವುದನ್ನ ಮುಟ್ಟಬಾರದು

ಹಳೇ ರೇಷ್ಮೆ ಮನೆಯಲ್ಲಿ ಬಣ್ಣದ ಮೀನು ಸಾಕೋರು ನಮ್ಮ ಸುತ್ತಮುತ್ತ ಜಾಸ್ತಿ ಆಗ್ತಿದ್ದಾರೆ. ಅದರ ಜೊತೆಗೇ ಒಂದು ಪ್ರಶ್ನೆ ಮೇಲಿಂದ ಮೇಲೆ ಬರ್ತಿದೆ: "ಯೂಟ್ಯೂಬಲ್ಲಿ ತೋರಿಸ್ತಾರಲ್ಲ, ಆ ಓಝೋನ್ ಮಷಿನ್ ನಾವೇ ಮಾಡ್ಕೋಬಹುದಾ?" ನಮ್ಮ ಅಣ್ಣನ ಮಗನೂ ಇದನ್ನೇ ಕೇಳಿದ. ಐಟಿಐ ಎಲೆಕ್ಟ್ರಿಷಿಯನ್ ಓದಿದವನು, ಕೈ ಚುರುಕು. ಗುಜರಿಯಿಂದ ಒಂದು ಹಳೇ ಮೈಕ್ರೋವೇವ್ ಓವನ್ ಕೂಡ ತಂದಿಟ್ಟಿದ್ದ. ನಮ್ಮಿಬ್ಬರ ಮಧ್ಯೆ ಒಂದು ವಾರ ವಾದ ನಡೀತು. ಕೊನೆಗೆ ಏನು ಕಟ್ಟಿದೆವು, ಏನನ್ನ ಬಿಟ್ಟೆವು ಅಂತ ಬರೀತೀನಿ. ಉದ್ದ ಇದೆ, ಪೂರ್ತಿ ಓದಿ.

ಓಝೋನ್ ಅಂದ್ರೆ ಏನು? ನಾವು ಉಸಿರಾಡೋ ಆಕ್ಸಿಜನ್ನಲ್ಲಿ ಎರಡು ಪರಮಾಣು, ಇದರಲ್ಲಿ ಮೂರು. ಆ ಮೂರನೆಯದು ಸುಮ್ಮನೆ ಕೂರಲ್ಲ, ಸಿಕ್ಕಿದ್ದರ ಮೇಲೆ ಬೀಳುತ್ತೆ. ನೀರಿನ ಹಳದಿ ಬಣ್ಣ, ವಾಸನೆ, ರೋಗಾಣು ಎಲ್ಲವೂ ಅದಕ್ಕೆ ಆಹಾರ. ಸಿಡಿಲು ಬಡಿದಾಗ ಒಂಥರಾ ಘಾಟು ಬರುತ್ತಲ್ಲ, ಅದೇ. 1840ರಲ್ಲಿ ಶೋನ್‌ಬೈನ್ ಅನ್ನೋ ವಿಜ್ಞಾನಿ ಇದನ್ನ ಗುರುತಿಸಿದ್ದೂ ವಾಸನೆಯಿಂದಲೇ. 1857ರಲ್ಲಿ ವರ್ನರ್ ಸೀಮೆನ್ಸ್ ಗಾಜಿನ ಕೊಳವೆಯಲ್ಲಿ ಇದನ್ನ ತಯಾರಿಸೋ ಉಪಕರಣ ಮಾಡಿದ. ಇವತ್ತಿನ ಮಷಿನ್ನೂ ಅದೇ ತತ್ವ: ಎರಡು ಲೋಹದ ಮಧ್ಯೆ ಗಾಜು ಅಥವಾ ಸೆರಾಮಿಕ್, ಸಾವಿರಾರು ವೋಲ್ಟ್ ಕರೆಂಟು, ನಡುವೆ ಹಾಯೋ ಗಾಳಿ.

ಜೀವಕ್ಕೆ ಅಪಾಯ ಇರೋದು ಆ ಸಾವಿರಾರು ವೋಲ್ಟಲ್ಲಿ. ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಸುಮಾರು 2000 ವೋಲ್ಟ್ ಕೊಡುತ್ತೆ. ವೋಲ್ಟೇಜ್ ಒಂದೇ ಅಲ್ಲ, ಆಳು ಸಾಯೋಕೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಕರೆಂಟೂ ಅದರಲ್ಲಿದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. "ಚಿಕ್ಕಪ್ಪ, ಮನೇಲಿ ಆರ್‌ಸಿಸಿಬಿ ಇದೆಯಲ್ಲ, ಟ್ರಿಪ್ ಆಗುತ್ತೆ ಬಿಡಿ" ಅಂದ. ಆಗಲ್ಲ ಕಣ್ರೀ. ಆರ್‌ಸಿಸಿಬಿ ನೋಡೋದು ಟ್ರಾನ್ಸ್‌ಫಾರ್ಮರ್‌ಗೆ ಒಳಗೆ ಹೋಗೋ ಕರೆಂಟನ್ನ. ಆಚೆ ಬದಿಯ ಸುರುಳಿ ಬೇರೆ. ಅಲ್ಲಿ ಮನುಷ್ಯ ಸಿಕ್ಕಿಹಾಕ್ಕೊಂಡ್ರೆ ಕರೆಂಟು ಅವನ ಮೈಯಿಂದ ಅದೇ ಸುರುಳಿಗೆ ವಾಪಸ್ ಹೋಗುತ್ತೆ, ಆರ್‌ಸಿಸಿಬಿಗೆ ಸುದ್ದಿಯೇ ಮುಟ್ಟಲ್ಲ. ಇದನ್ನ ಚಿತ್ರ ಬರೆದು ತೋರಿಸಿದ ಮೇಲೆ ಹುಡುಗ ಸುಮ್ಮನಾದ. ಮೀನು ಮನೆ ಅಂದ್ರೆ ಒದ್ದೆ ನೆಲ, ಒದ್ದೆ ಕೈ. ಓವನ್ ಮಾರನೇ ದಿನ ಗುಜರಿಗೇ ವಾಪಸ್ ಹೋಯ್ತು.

ಎರಡನೇ ಮಾತು ಅಳತೆ. ತೊಟ್ಟಿಗೆ ಸಾಮಾನ್ಯವಾಗಿ ಹೇಳೋ ಲೆಕ್ಕ 100 ಲೀಟರ್ ನೀರಿಗೆ ಗಂಟೆಗೆ 5ರಿಂದ 10 ಮಿಲಿಗ್ರಾಂ. ನಮ್ಮ ತೊಟ್ಟಿ 500 ಲೀಟರ್, ಅಂದ್ರೆ 25ರಿಂದ 50 ಮಿಲಿಗ್ರಾಂ ಸಾಕು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ ಸೆರಾಮಿಕ್ ಪ್ಲೇಟು ಗಂಟೆಗೆ 5 ಗ್ರಾಂ ಅಂತ ಬರೆದಿರುತ್ತೆ. 5 ಗ್ರಾಂ ಅಂದ್ರೆ 5000 ಮಿಲಿಗ್ರಾಂ, ನಮಗೆ ಬೇಕಾದ್ದರ ನೂರರಿಂದ ಇನ್ನೂರು ಪಟ್ಟು! ನೀರಲ್ಲಿ ಚೂರು ಓಝೋನ್ ಉಳಿದ್ರೂ ಮೀನಿನ ಕಿವಿರು ಸುಡುತ್ತೆ.

ಅದಕ್ಕೇ ಕಿಡಿ ಹುಟ್ಟಿಸೋ ಭಾಗವನ್ನ ಕೊಂಡುಕೊಂಡೆವು: ಅಕ್ವೇರಿಯಂಗೆ ಅಂತಲೇ ಮಾಡಿದ, ಪೂರ್ತಿ ಮುಚ್ಚಿರೋ, ಗಂಟೆಗೆ 50 ಮಿಲಿಗ್ರಾಂ ಮಷಿನ್. ಉಳಿದದ್ದೆಲ್ಲ ಹುಡುಗನ ಕೈಕೆಲಸ. ಕ್ರಮ ಹೀಗಿದೆ:

1. ಗಾಳಿ ಪಂಪಿನ ಗಾಳಿ ಮೊದಲು ಸಿಲಿಕಾ ಜೆಲ್ ತುಂಬಿದ ಬಾಟಲಿ ಮೂಲಕ ಹೋಗಬೇಕು. ಒದ್ದೆ ಗಾಳಿಯಲ್ಲಿ ಓಝೋನ್ ಕಮ್ಮಿ ಬರುತ್ತೆ, ಜೊತೆಗೆ ನೈಟ್ರಿಕ್ ಆಸಿಡ್ ಹುಟ್ಟಿ ಮಷಿನ್ ತಿನ್ನುತ್ತೆ. ನೀಲಿ ಹರಳು ಗುಲಾಬಿ ಆದ್ರೆ ಹುರಿದು ಒಣಗಿಸಿ.

2. ಮಷಿನ್ ನೀರಿನ ಮಟ್ಟಕ್ಕಿಂತ ಮೇಲೆ ಇರಬೇಕು, ನಡುವೆ ಚೆಕ್ ವಾಲ್ವ್ ಬೇಕೇ ಬೇಕು. ಕರೆಂಟು ಹೋದ ತಕ್ಷಣ ನೀರು ಪೈಪಲ್ಲಿ ವಾಪಸ್ ಬರುತ್ತೆ. ನಮ್ಮೂರಲ್ಲಿ ಕರೆಂಟು ಹೋಗೋದು ಎಷ್ಟು ಸಲ ಅಂತ ನಾನು ಹೇಳಬೇಕಾಗಿಲ್ಲ.

3. ಪೈಪು ಸಿಲಿಕಾನ್ ಇರಲಿ. ಸಾದಾ ರಬ್ಬರು ಓಝೋನ್ ತಾಗಿದ್ರೆ ಬಿರುಕು ಬಿಡುತ್ತೆ.

4. ಓಝೋನ್ ನೇರ ತೊಟ್ಟಿಗೆ ಬಿಡಬೇಡಿ. ನಾಲ್ಕು ಇಂಚಿನ ಪಿವಿಸಿ ಪೈಪು ನೆಟ್ಟಗೆ ನಿಲ್ಲಿಸಿ, ಮೇಲಿಂದ ನೀರು, ಕೆಳಗಿಂದ ಗಾಳಿ ಕೊಟ್ಟಿದ್ದೀವಿ. ನೀರು ಕೆಳಗಿಂದ ಆಕ್ಟಿವೇಟೆಡ್ ಕಾರ್ಬನ್ ದಾಟಿ ತೊಟ್ಟಿಗೆ ಹೋಗುತ್ತೆ. ಒಲೆ ಇದ್ದಿಲು ನಡೆಯಲ್ಲ.

5. ಪೈಪಿನ ತಲೆಯಿಂದ ಹೊರಗೆ ಬರೋ ಗಾಳಿಗೂ ಕಾರ್ಬನ್ ಡಬ್ಬಿ, ಆಮೇಲೆ ಗೋಡೆ ಆಚೆಗೆ ನಳಿಕೆ.

6. ನೀರಿನ ಪಂಪು, ಓಝೋನ್ ಎರಡಕ್ಕೂ ಒಂದೇ ಸ್ವಿಚ್. ಪಂಪು ನಿಂತ್ರೆ ಓಝೋನೂ ನಿಲ್ಲಬೇಕು.

7. ಓಆರ್‌ಪಿ ಮೀಟರ್ ಇಟ್ಟು ನೋಡ್ತೀವಿ. 300 ಮಿಲಿವೋಲ್ಟ್ ಹತ್ತಿರ ಬಂದ್ರೆ ಬಂದ್. 400 ದಾಟೋದು ಮೀನಿಗೆ ಅಪಾಯ.

ಐದನೇದನ್ನ ಬಿಡಿಸಿ ಹೇಳ್ತೀನಿ. ರೇಷ್ಮೆ ಮನೆ ಗೋಡೆಗೆ ಅಂಟಿಕೊಂಡೇ ನಮ್ಮವ್ವನ ಕೋಣೆ ಇದೆ. ಅವ್ವನಿಗೆ ಉಬ್ಬಸ. ಓಝೋನ್ ಶ್ವಾಸಕೋಶ ಕೆರಳಿಸೋ ಅನಿಲ, ಗಾಳಿಗಿಂತ ಭಾರ, ತಗ್ಗಲ್ಲಿ ನಿಲ್ಲುತ್ತೆ. ಕೆಲಸ ಮಾಡೋ ಜಾಗದ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 0.1 ಭಾಗ ಅನ್ನೋದೇ ಮಿತಿ. "ವಾಸನೆ ಬಂದ್ರೆ ಆಫ್ ಮಾಡ್ತೀವಿ" ಅನ್ನೋದು ಸಾಲದು, ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುತ್ತೆ. ಅದಕ್ಕೆ ನಳಿಕೆಯನ್ನ ಎದುರು ಗೋಡೆಗೆ ತಿರುಗಿಸಿ, ಪೊಟ್ಯಾಸಿಯಂ ಅಯೋಡೈಡ್ ಮತ್ತು ಗಂಜಿ ಸವರಿದ ಕಾಗದವನ್ನ ಒದ್ದೆ ಮಾಡಿ ಅವ್ವನ ಕೋಣೆ ಬಾಗಿಲಿಗೆ ತೂಗುಹಾಕಿದೆವು. ಓಝೋನ್ ತಾಗಿದ್ರೆ ಕಾಗದ ನೀಲಿ ತಿರುಗುತ್ತೆ. ಕಾಗದ ಬೆಳ್ಳಗೇ ಉಳಿದ ಮೇಲೂ ರಾತ್ರಿ ಓಡಿಸಲ್ಲ ಅಂತ ತೀರ್ಮಾನ ಮಾಡಿದ್ದೀವಿ. ಹಗಲು ಎರಡು ಗಂಟೆ, ಕಿಟಕಿ ತೆಗೆದು.

ಕೊನೆಯದಾಗಿ, ಇದು ಎಲ್ಲರಿಗೂ ಬೇಕಾ? ಬೇಡ. ಹೊಸ ಮೀನು ತಂದು ಬೇರೆ ಇಡೋ ತೊಟ್ಟಿಗೆ ಮಾತ್ರ ನಾವು ಬಳಸ್ತಿದ್ದೀವಿ. ಮೀನು ಸಾಯ್ತಿದ್ರೆ ಮೊದಲು ಅಮೋನಿಯಾ ಪರೀಕ್ಷೆ ಮಾಡಿ. ಓಝೋನ್ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ, ಆದರೆ ಅಮೋನಿಯಾಗೆ ಅದು ಮದ್ದಲ್ಲ. ಅದಕ್ಕೆ ಮೇವು ಕಮ್ಮಿ ಮಾಡಿ, ನೀರು ಬದಲಾಯಿಸಿ, ಫಿಲ್ಟರ್ ಸರಿಮಾಡಿ. ಕೃಷಿ ಹೊಂಡದಲ್ಲಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಅದು ಆಕ್ಸಿಜನ್ ಕೊರತೆ, ಏರೇಟರ್ ಹಾಕಿ ಇಲ್ಲವೇ ನೀರು ಚಿಮ್ಮಿಸಿ.

ಓವನ್ ಬಿಚ್ಚಿಟ್ಟುಕೊಂಡು ಕೂತಿರೋ ಹುಡುಗರು ನಿಮ್ಮ ಮನೇಲೂ ಇದ್ರೆ ನಮ್ಮ ಮನೆಗೆ ಕಳಿಸಿ. ನಮ್ಮ ಹುಡುಗನೇ ಎಲ್ಲಾ ತೋರಿಸಿ ಹೇಳ್ತಾನೆ. ಭಾನುವಾರ ಬೆಳಿಗ್ಗೆ ಹನ್ನೊಂದರ ಮೇಲೆ ಬಂದ್ರೆ ಮಷಿನ್ ಓಡ್ತಿರುತ್ತೆ.