ಅರ್ಕಾವತ್ತು ಎಲ್ಲಿ ಉಂಟು ಟೀಚರ್?

ಶನಿವಾರ. ಮಕ್ಕಳಿಗೆ ರಜೆ. ರಿಜಿಸ್ಟರ್ ಕೆಲಸ ಬಾಕಿ ಇತ್ತು ಅಂತ ನಾನು ಶಾಲೆಗೆ ಹೋಗಿದ್ದೆ. ಮಳೆ ಸ್ವಲ್ಪ ಬಿಟ್ಟಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಜಗಲಿಯಲ್ಲಿ ಕೊಡೆ ಮಡಚುವ ಸದ್ದು ಕೇಳಿತು. ತಲೆ ಎತ್ತಿ ನೋಡಿದರೆ ನಮ್ಮ ಹಳೆಯ ವಿದ್ಯಾರ್ಥಿನಿ. ಏಳನೆಯವರೆಗೆ ನಮ್ಮಲ್ಲೇ ಓದಿದವಳು, ಈಗ ಬೇರೆ ಶಾಲೆಯಲ್ಲಿ ಹತ್ತನೆ ತರಗತಿ. ಟ್ಯೂಷನ್ ಮುಗಿಸಿ ಬರುವ ದಾರಿಯಂತೆ.

"ಟೀಚರ್, ಒಂದು ಕೇಳ್ಲಿಕ್ಕೆ ಉಂಟು. ಮೊಬೈಲಿನಲ್ಲಿ ಅರ್ಕಾವತ್ತು ಎಲ್ಲಿ ಉಂಟು?"

ನನಗೆ ನಗು ಬಂತು. ಹಳೆಯ ಮಕ್ಕಳು ಬಂದರೆ ಮಾಮೂಲಾಗಿ ಕೇಳುವುದು ಸರ್ಟಿಫಿಕೇಟು, ಇಲ್ಲದಿದ್ದರೆ ಯಾವುದಾದರೂ ಅರ್ಜಿಗೆ ಒಂದು ಸಹಿ. ಅರ್ಕಾವತ್ತು ಹುಡುಕಿಕೊಂಡು ಬಂದವಳು ಇವಳೊಬ್ಬಳೇ :-)

ಮೊಬೈಲು ಕೈಗೆ ಕೊಟ್ಟಳು. ಅದರಲ್ಲಿ 'ಅಥ' ಅಂತ ಇತ್ತು. ಅವಳು ಬರೆಯಬೇಕಾಗಿದ್ದದ್ದು 'ಅರ್ಥ'. ನಾವು ಕೈಯಲ್ಲಿ ಬರೆಯುವಾಗ ಮೊದಲು 'ಥ' ಬರೆದು ಆಮೇಲೆ ಪಕ್ಕದಲ್ಲಿ ಅರ್ಕಾವತ್ತು ಹಾಕುತ್ತೇವೆ ಅಲ್ವಾ? ಅವಳು ಹಾಗೆಯೇ 'ಥ' ಒತ್ತಿ, ಆಮೇಲೆ ಅರ್ಕಾವತ್ತಿನ ಕೀ ಎಲ್ಲಿ ಅಂತ ಇಡೀ ಕೀಬೋರ್ಡು ಹುಡುಕಿದ್ದಾಳೆ. ಅಂಥ ಕೀ ಇಲ್ಲ. ಮೊದಲು 'ರ' ಒತ್ತಬೇಕು, ಆಮೇಲೆ ಅರ್ಧಾಕ್ಷರದ ಕೊಂಬು, ಆಮೇಲೆ 'ಥ'. ಬಾಯಲ್ಲಿ ಹೇಳುವ ಕ್ರಮದಲ್ಲೇ ಒತ್ತಿಕೊಂಡು ಹೋದರೆ ಅದು ತನ್ನಷ್ಟಕ್ಕೆ ಜಾಗಕ್ಕೆ ಹೋಗಿ ಕೂರುತ್ತದೆ. ತೋರಿಸಿಕೊಟ್ಟೆ.

"ಎಂತ ಬರಿಯುದು? ಪ್ರಾಜೆಕ್ಟಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಲ್ಲ ಟೀಚರ್. ಡೈರಿ."

ನನ್ನ ಎದೆ ಧಸಕ್ಕೆಂದಿತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವಳಿಗೆ ಓದಲು ಕೊಟ್ಟೆ. ಎರಡು ವಾಕ್ಯ ಬೇಡ ಅಂದಳು, ತೆಗೆದಿದ್ದೇನೆ.)

ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ಡೈರಿ ಅನ್ನುವುದು ಯಾರಿಗೂ ಹೊಸತಲ್ಲ. ಕೇರಳದ ಪಠ್ಯಕ್ರಮದಲ್ಲಿ ದಿನಚರಿ ಬರೆಯುವುದೂ ಒಂದು ಕಲಿಕೆಯೇ. ಪಾಠದಲ್ಲಿ ಒಬ್ಬ ಹುಡುಗ ನಾಯಿಮರಿ ಕಳಕೊಂಡ ಅಂತಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಪ್ರಶ್ನೆ ಬರುತ್ತದೆ: ಆ ದಿನ ಅವನು ಬರೆದಿರಬಹುದಾದ ದಿನಚರಿಯನ್ನು ಬರೆಯಿರಿ. ನಮ್ಮ ಮಕ್ಕಳು ಇದರಲ್ಲಿ ಭಾರೀ ಹುಷಾರು. ಮೇಲೆ ತಾರೀಕು, ವಾರ. "ಇಂದು ನನ್ನ ಜೀವನದಲ್ಲಿ ಮರೆಯಲಾಗದ ದಿನ" ಅಂತ ಶುರು, "ನಾಳೆ ಏನಾಗುವುದೋ" ಅಂತ ಮುಕ್ತಾಯ. ಮೂವತ್ತು ಉತ್ತರಪತ್ರಿಕೆ ತಿದ್ದಿದರೆ ಮೂವತ್ತು ಮಕ್ಕಳಿಗೂ ಅದೇ ಮರೆಯಲಾಗದ ದಿನ!

ಈಗ ಒಂದನೇ ತರಗತಿಯಿಂದಲೇ ಸಂಯುಕ್ತ ಡೈರಿ ಅಂತ ಉಂಟು. ಮಗು ತನಗೆ ಗೊತ್ತಿರುವ ಅಕ್ಷರವನ್ನು ಪೆನ್ಸಿಲಿನಲ್ಲಿ ಬರೆಯುತ್ತದೆ, ಗೊತ್ತಿಲ್ಲದ್ದನ್ನು ಮನೆಯವರು ಪೆನ್ನಿನಲ್ಲಿ ತುಂಬಿಸುತ್ತಾರೆ. ನನಗೆ ಇದು ಬಹಳ ಇಷ್ಟ. ನಮ್ಮ ಕಡೆ ಮನೆಯಲ್ಲಿ ತುಳು, ಇನ್ನೊಂದು ಮನೆಯಲ್ಲಿ ಮಲಯಾಳ, ಇನ್ನೊಂದರಲ್ಲಿ ಹವ್ಯಕ ಅಥವಾ ಕೊಂಕಣಿ ಅಥವಾ ಮರಾಠಿ. ಮಗು ಹೇಳಿದ್ದನ್ನು ಕನ್ನಡದಲ್ಲಿ ಬರೆಯಬೇಕು ಅಂತ ಅಮ್ಮಂದಿರು ತಾವು ಬಿಟ್ಟ ಅಕ್ಷರಗಳನ್ನು ಮತ್ತೆ ಹಿಡಿಯುತ್ತಾರೆ. "ಇವತ್ತು ಬೆಕ್ಕು ಮರಿ ಹಾಕಿತು" ಅನ್ನುವ ಒಂದು ಸಾಲಿನಲ್ಲಿ 'ಬೆ' ಪೆನ್ಸಿಲು, 'ಕ್ಕು' ಪೆನ್ನು. ನೋಡಲಿಕ್ಕೇ ಚಂದ.

ಅದು ಒಂದನೇ ತರಗತಿಯ ಮಾತು. ಆರನೆ, ಏಳನೆಗೆ ಬಂದ ಮೇಲೆ ಮಗುವಿನ ಹೊಟ್ಟೆಯೊಳಗೆ ಬೇರೆ ಮಾತು ಶುರುವಾಗುತ್ತದೆ. ಆಗ ಟೀಚರ್ ಎಲ್ಲಿ ನಿಲ್ಲಬೇಕು ಅಂತ ಟಿಸಿಎಚ್‌ನಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇವಳು ಏಳನೆಯಲ್ಲಿದ್ದಾಗ ನಾನು ತರಗತಿಯ ಎಲ್ಲರಿಗೂ ದಿನಾ ಡೈರಿ ಬರೆಯಲಿಕ್ಕೆ ಹೇಳಿದ್ದೆ. ಸೋಮವಾರ ಪುಸ್ತಕ ತರಿಸಿ ತಿದ್ದುತ್ತಿದ್ದೆ. ಒಂದು ಸೋಮವಾರ ಇವಳ ಪುಸ್ತಕದಲ್ಲಿ ಒಂದು ಪುಟ ಸಿಕ್ಕಿತು. ಅಮ್ಮ ಬೀಡಿ ಕಟ್ಟಿ ಉಳಿಸಿದ ಹಣ ಶಾಲೆಯ ಪ್ರವಾಸಕ್ಕೆ ಕೊಟ್ಟದ್ದು, ಆಮೇಲೆ ಅಂಗಡಿಗೆ ಹೋಗಿ ಅಕ್ಕಿ ಸಾಲ ಕೇಳಿದ್ದು, ಪ್ರವಾಸದ ಬಸ್ಸಿನಲ್ಲಿ ಎಲ್ಲರೂ ಹಾಡುವಾಗ ತನಗೆ ಆ ಅಂಗಡಿಯ ನೆನಪಾದದ್ದು. ಅಷ್ಟು ಸರಳವಾಗಿ ಬರೆದಿದ್ದಳು... ಒಂದೇ ಒಂದು ಮರೆಯಲಾಗದ ದಿನ ಇರಲಿಲ್ಲ. ನನಗೆ ಕಣ್ಣು ತುಂಬಿತು. ಖುಷಿಯಲ್ಲಿ ಏನು ಮಾಡಿದೆ ಗೊತ್ತಾ? "ನೋಡಿ ಮಕ್ಕಳೇ, ಡೈರಿ ಅಂದರೆ ಹೀಗೆ ಬರೆಯಬೇಕು" ಅಂತ ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಚಪ್ಪಾಳೆಯನ್ನೂ ಹೊಡೆಸಿದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಒಬ್ಬ ಹುಡುಗ ಕೇಳಿದನಂತೆ, "ನಿಮ್ಮಲ್ಲಿ ಅಕ್ಕಿ ಇಲ್ವಾ?" ಅವನಿಗೂ ಕೆಟ್ಟ ಬುದ್ಧಿ ಏನಿಲ್ಲ, ಸುಮ್ಮನೆ ಕೇಳಿದ್ದು.

ಮರುದಿನದಿಂದ ಅವಳ ಡೈರಿ ಹೀಗಿತ್ತು: ಬೆಳಗ್ಗೆ ಎದ್ದೆ. ಹಲ್ಲುಜ್ಜಿದೆ. ಶಾಲೆಗೆ ಬಂದೆ. ಆಟ ಆಡಿದೆ. ಮನೆಗೆ ಹೋದೆ. ಮಾರ್ಚ್‌ವರೆಗೂ ಅದೇ. ನಾನು ಕೆಳಗೆ 'ಉತ್ತಮ' ಅಂತ ಬರೆದು ಸಹಿ ಹಾಕುತ್ತಾ ಹೋದೆ. ಆ ಹುಡುಗ ಕೇಳಿದ ಸಂಗತಿ ನನಗೆ ಗೊತ್ತಾದದ್ದು ಅವಳು ಟಿಸಿ ತೆಗೆದುಕೊಂಡು ಹೋದ ಮೇಲೆ, ಇನ್ನೊಬ್ಬ ಹುಡುಗಿಯ ಬಾಯಿಂದ.

ಹಾಗಾಗಿ ಮೊನ್ನೆ ಅವಳು 'ಡೈರಿ' ಅಂದಾಗ ನನಗೆ ಹಾಗಾದದ್ದು.

ಆ ದಿನವೇ ಪುಸ್ತಕ ಬಿಟ್ಟು ಮೊಬೈಲಿನಲ್ಲಿ ಬರೆಯಲಿಕ್ಕೆ ಶುರು ಮಾಡಿದಳಂತೆ. ಮೊಬೈಲು ಅವರ ಮನೆಗೆ ಬಂದದ್ದೇ 2020ರಲ್ಲಿ, ಕೊರೋನಾ ಕಾಲದ ಆನ್‌ಲೈನ್ ತರಗತಿಗೆ. ನಮ್ಮ ಎಷ್ಟೋ ಮಕ್ಕಳ ಮನೆಗೆ ಸ್ಮಾರ್ಟ್‌ಫೋನು ಹೊಕ್ಕದ್ದು ಹಾಗೆ. ತರಗತಿ ಮುಗಿಯಿತು, ಮೊಬೈಲು ಉಳಿಯಿತು.

ಅವಳಿಗೆ ಈಗ ಎರಡು ಡೈರಿ. ಒಂದು ಮೂರು ಜನ ಗೆಳತಿಯರು ಮಾತ್ರ ನೋಡಬಹುದಾದ್ದು. ಅದರಲ್ಲಿ ಒಬ್ಬಳು ಈಗ ಮಂಗಳೂರಿಗೆ ಹೋಗಿ ಸೇರಿದ್ದಾಳೆ. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು. ಭಾಷೆ ಯಾವುದು ಅಂತ ಕೇಳಬೇಡಿ. ಒಂದು ಪುಟ ತೋರಿಸಿದಳು, ಒಂದೇ ವಾಕ್ಯದಲ್ಲಿ ತುಳು, ಕನ್ನಡ, ಮಲಯಾಳ ಮೂರೂ ಕೈ ಹಿಡಿದುಕೊಂಡು ನಡೆಯುತ್ತವೆ. ಬೆಳಗ್ಗೆ ಆರಕ್ಕೆ ಎದ್ದದ್ದು, ಬಸ್ಸಿನಲ್ಲಿ ಕಂಡಕ್ಟರ್ ಪಾಸಿನವರನ್ನು ನಿಲ್ಲಿಸಿದ್ದು, ಮಳೆಗೆ ರಜೆ ಕೊಟ್ಟಿದ್ದಾರಾ ಅಂತ ರಾತ್ರಿ ಹತ್ತರವರೆಗೆ ಕಲೆಕ್ಟರರ ಪುಟ ನೋಡುತ್ತಾ ಕೂತದ್ದು, ಕೊನೆಗೆ ರಜೆ ಸಿಗದೆ ಹೋಂವರ್ಕ್ ಮಾಡದೆ ಸಿಕ್ಕಿಬಿದ್ದದ್ದು. ಕಲೋತ್ಸವದ ಯಕ್ಷಗಾನಕ್ಕೆ ತನ್ನನ್ನು ತೆಗೆದುಕೊಂಡದ್ದು, ಆದರೆ ಕೊಟ್ಟದ್ದು ರಾಕ್ಷಸನ ವೇಷ! ಓದಿ ನಕ್ಕೂ ನಕ್ಕೂ ಸಾಕಾಯ್ತು.

"ಪುಸ್ತಕದಲ್ಲೇ ಬರೆಯಬಹುದಲ್ಲ, ಯಾಕೆ ಹೀಗೆ?" ಅಂತ ಕೇಳಿದೆ.

"ಪುಸ್ತಕ ಉತ್ತರ ಕೊಡುದಿಲ್ಲ ಟೀಚರ್. ಇದರಲ್ಲಿ ಬರೆದ್ರೆ 'ನನಗೂ ಹಾಗೇ ಆಗ್ತದೆ' ಅಂತ ಅವಳು ಬರಿತಾಳೆ. ಅಷ್ಟೇ ಸಾಕು."

ಸರಿಯಾದ ಮಾತೇ. ಹದಿನೈದು ವರ್ಷದಲ್ಲಿ ನಮಗೂ ಬೇಕಾಗಿದ್ದದ್ದು ಅಷ್ಟೇ ಅಲ್ವಾ? ಆದರೂ ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತದೆ, ಉಪದೇಶ ಶುರು ಮಾಡಿದೆ. ಮೂರೇ ಜನ ನೋಡುವುದಾದರೂ ಅದರಲ್ಲಿ ಒಬ್ಬಳು ಸ್ಕ್ರೀನ್‌ಶಾಟ್ ತೆಗೆದರೆ ಮುನ್ನೂರು ಜನ ನೋಡಬಹುದು, ಶಾಲೆಯ ಹೆಸರು, ಮನೆಯ ದಾರಿ, ಫೋಟೋ ಹಾಕಬೇಡ ಅಂತೆಲ್ಲ. ಅವಳು ತಾಳ್ಮೆಯಿಂದ ಕೇಳಿದಳು. ಇದೆಲ್ಲ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಯಾರ ಹೆಸರನ್ನೂ ಬರೆಯುವುದಿಲ್ಲ, ಎಲ್ಲರಿಗೂ ಅಡ್ಡ ಹೆಸರು ಇಟ್ಟಿದ್ದಾಳೆ. "ನನಗೆ ಎಂತ ಹೆಸರು?" ಅಂತ ಕೇಳಿದೆ. ಹೇಳಲಿಲ್ಲ.

ಆಮೇಲೆ ತಾನಾಗಿಯೇ ಒಂದು ಮಾತು ಹೇಳಿದಳು. "ಅವರು ಓದ್ತಾರೆ ಅಂತ ಗೊತ್ತಾದ ಮೇಲೆ ನಾನು ಸ್ವಲ್ಪ ಜಾಸ್ತಿ ಮಾಡಿ ಬರಿತೇನೆ ಟೀಚರ್. ನಗು ಬರುವ ಹಾಗೆ. ಬೇಜಾರಾದದ್ದನ್ನು ಕೂಡ ನಗು ಬರುವ ಹಾಗೆಯೇ ಬರಿತೇನೆ. ಅದಕ್ಕೆ ಇನ್ನೊಂದು ಉಂಟು. ಅದು ಯಾರಿಗೂ ಇಲ್ಲ."

ಅರ್ಕಾವತ್ತು ಬೇಕಾಗಿದ್ದದ್ದು ಆ ಇನ್ನೊಂದಕ್ಕೆ.

ನನಗೆ ಆನ್ ಫ್ರಾಂಕ್ ನೆನಪಾದಳು. ಅವಳಿಗೆ ಡೈರಿ ಸಿಕ್ಕಿದ್ದು 1942ರ ಜೂನ್ 12ರಂದು, ಹದಿಮೂರನೇ ಹುಟ್ಟುಹಬ್ಬಕ್ಕೆ. ಮುಂದಿನ ತಿಂಗಳು ಆಮ್‌ಸ್ಟರ್‌ಡಾಮಿನಲ್ಲಿ ಮನೆಯವರೊಟ್ಟಿಗೆ ಅಡಗಿ ಕೂತಳು. ಎರಡು ವರ್ಷ ಅಲ್ಲಿ ಕೂತು ಬರೆದಳು, ಕಿಟ್ಟಿ ಅನ್ನುವ ಕಲ್ಪನೆಯ ಗೆಳತಿಗೆ ಕಾಗದದ ಹಾಗೆ. ಇದು ಎಲ್ಲರಿಗೂ ಗೊತ್ತು. ಅವಳೂ ಎರಡು ಡೈರಿ ಬರೆದಳು ಅನ್ನುವುದು ಮಾತ್ರ ನನಗೆ ತಡವಾಗಿ ಗೊತ್ತಾದ ಸಂಗತಿ. 1944ರ ಮಾರ್ಚ್‌ನಲ್ಲಿ ಲಂಡನ್ನಿನಿಂದ ಡಚ್ ಸರ್ಕಾರದ ಮಂತ್ರಿಯೊಬ್ಬರು ರೇಡಿಯೋದಲ್ಲಿ ಮಾತಾಡಿದರು. ಯುದ್ಧ ಮುಗಿದ ಮೇಲೆ ಜನರ ಡೈರಿ, ಕಾಗದಗಳನ್ನೆಲ್ಲ ಸಂಗ್ರಹಿಸುತ್ತೇವೆ ಅಂದರು. ಅದನ್ನು ಕೇಳಿದ ಮೇಲೆ ಆನ್ ತನ್ನ ಡೈರಿಯನ್ನು ಬೇರೆಯವರು ಓದುವ ಹಾಗೆ ಬೇರೆ ಹಾಳೆಗಳಲ್ಲಿ ತಿದ್ದಿ ಬರೆಯತೊಡಗಿದಳು. ಜನರಿಗೆ ಬೇರೆ ಹೆಸರು ಇಟ್ಟಳು, ಕೆಲವನ್ನು ಬಿಟ್ಟಳು. ಅದೇ ವರ್ಷ ಆಗಸ್ಟ್ 4ರಂದು ಅವರನ್ನೆಲ್ಲ ಹಿಡಿದರು. 1945ರಲ್ಲಿ ಹದಿನೈದು ವರ್ಷದ ಆ ಹುಡುಗಿ ನಾಜಿ ಶಿಬಿರದಲ್ಲಿ ತೀರಿಹೋದಳು. ಪುಸ್ತಕ ಬಂದದ್ದು 1947ರಲ್ಲಿ, ಬದುಕಿ ಉಳಿದ ಅಪ್ಪನಿಂದ.

ಇನ್ನೊಂದು ಸಂಗತಿ ಉಂಟು. ಮೊದಲ ಡೈರಿಯ ಎರಡು ಪುಟಗಳ ಮೇಲೆ ಅವಳು ಕಂದು ಕಾಗದ ಅಂಟಿಸಿ ಮುಚ್ಚಿದ್ದಳು. ಎಪ್ಪತ್ತೈದು ವರ್ಷ ಅದು ಮುಚ್ಚಿಯೇ ಇತ್ತು. ಸಂಶೋಧಕರು ಫೋಟೋ ತೆಗೆದು, ಕಂಪ್ಯೂಟರ್ ಸಹಾಯದಿಂದ ಒಳಗಿದ್ದದ್ದನ್ನು ಓದಿ, 2018ರಲ್ಲಿ ಹೊರಗೆ ಹೇಳಿದರು. ಅದರಲ್ಲಿದ್ದದ್ದು ಆ ವಯಸ್ಸಿನ ಮಕ್ಕಳು ಗುಟ್ಟಿನಲ್ಲಿ ಹೇಳಿಕೊಳ್ಳುವ ಕೆಲವು ಪೋಲಿ ಜೋಕು, ಇನ್ನಷ್ಟು ಅಂಥದ್ದೇ ವಿಷಯ. ಅಷ್ಟೇ. ವಿದ್ವಾಂಸರಿಗೆ ಅದರಿಂದ ಉಪಯೋಗ ಇರಬಹುದು. ನನಗೆ ಮಾತ್ರ ಓದುವಾಗ ಮುಖ ಬಿಸಿಯಾಯ್ತು. ನಾನೂ ಒಂದು ಸೋಮವಾರ ಕಂದು ಬೈಂಡ್ ಹಾಕಿದ ಒಂದು ಪುಸ್ತಕ ಬಿಡಿಸಿ, ಮೂವತ್ತು ಮಕ್ಕಳ ಮುಂದೆ ಗಟ್ಟಿಯಾಗಿ ಓದಿದವಳೇ ಅಲ್ಲವಾ?

"ಆ ಇನ್ನೊಂದನ್ನು ಕನ್ನಡ ಅಕ್ಷರದಲ್ಲಿ ಯಾಕೆ ಬರಿತೀ?" ಕೇಳಿದೆ. ಒಳಗೊಳಗೆ ಒಂದು ಆಸೆ ನೋಡಿ. ಟೀಚರ್, ಕನ್ನಡ ನನಗೆ ಇಷ್ಟ, ನೀವು ಕಲಿಸಿದ್ದು, ಅಂತ ಹೇಳಿಯಾಳು ಅಂತ.

"ಮೊಬೈಲು ಅಣ್ಣನದ್ದೂ ಹೌದಲ್ಲ ಟೀಚರ್. ಅವನಿಗೆ ಪಾಸ್‌ವರ್ಡ್ ಗೊತ್ತುಂಟು. ಆದ್ರೆ ಅವನು ಇಂಗ್ಲಿಷ್ ಮೀಡಿಯಂ. ಕನ್ನಡ ಓದ್ಲಿಕ್ಕೆ ಬರುದಿಲ್ಲ."

ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಒಂದೇ ಮನೆ, ಒಂದೇ ಅಮ್ಮ. ಅಣ್ಣನಿಗೆ ಕನ್ನಡ ಅಕ್ಷರ ಅಂದರೆ ಗೋಡೆ. ತಂಗಿಗೆ ಅದೇ ಅಕ್ಷರ ಬೀಗ. ಕನ್ನಡ ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಅಂತ ಪ್ರತಿ ಜೂನ್‌ನಲ್ಲಿ ಮನೆ ಮನೆಗೆ ಹೋಗಿ ಬರುವ ನನಗೆ ಆ ಅಣ್ಣನ ವಿಷಯ ಕೇಳಿ ಹೊಟ್ಟೆ ಚುರುಕ್ಕೆಂದಿತು. ಅದೇ ಹೊತ್ತಿಗೆ, ಈ ಹುಡುಗಿಗೆ ತನ್ನದೇ ಆದ ಒಂದು ಕೋಣೆ ಇದ್ದರೆ ಅದು ನಾವು ಕಲಿಸಿದ ಅ ಆ ಇ ಈ ಅಂತಲೂ ಅನಿಸಿತು. ಸಂತೋಷವೋ ಬೇಜಾರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಅಷ್ಟರಲ್ಲಿ ಅವಳು 'ರ' ಒತ್ತಿ, ಕೊಂಬು ಒತ್ತಿ, 'ಥ' ಒತ್ತಿದಳು. ಅಕ್ಷರ ಸರಿ ಕೂತಿತು. "ಹಾ, ಬಂತು!" ಅಂತ ಖುಷಿಯಲ್ಲಿ ನನ್ನ ಕಡೆಗೆ ತಿರುಗಿಸಿದಳು. ಇಡೀ ವಾಕ್ಯ ಕಣ್ಣಿಗೆ ಬಿತ್ತು. ಟ್ಯೂಷನ್ನಿನಲ್ಲಿ ಸರ್ ಮಲಯಾಳದಲ್ಲಿ ಏನೋ ಹೇಳಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ನನಗೆ ಅರ್ಥ ಆಗಲಿಲ್ಲ.

ನಾನು ಕಣ್ಣು ಬೇರೆ ಕಡೆ ಮಾಡಿದೆ. (ಈ ವಾಕ್ಯ ಹಾಕಬಹುದಾ ಅಂತ ವಿಶೇಷವಾಗಿ ಕೇಳಿದೆ. "ಹಾಕಿ ಟೀಚರ್, ಬೇರೆ ಮಕ್ಕಳಿಗೂ ಹಾಗೇ ಆಗ್ತದಲ್ಲ" ಅಂದಳು.) ಬಸ್ಸಿನ ಹೊತ್ತಾಯ್ತು ಅಂತ ಎದ್ದಳು. ನಾನು ಆ ಹಳೆಯ ಸೋಮವಾರದ ಬಗ್ಗೆ ಮಾತು ತೆಗೆದೆ. ತಪ್ಪಾಯ್ತು ಮಗೂ ಅಂದೆ. ಕೊಡೆ ಬಿಡಿಸುತ್ತಾ, "ಅದು ಬಿಡಿ ಟೀಚರ್" ಅಂದಳು. ಬಿಟ್ಟಿದ್ದಾಳೋ ಇಲ್ಲವೋ ಗೊತ್ತಿಲ್ಲ. ಅವಳ ಡೈರಿಯಲ್ಲಿ ಇರಬಹುದು, ಅದು ನನಗೆ ಓದಲಿಕ್ಕೆ ಅಲ್ಲ.

ನನ್ನ ತರಗತಿಯ ಮಕ್ಕಳು ಈಗಲೂ ಡೈರಿ ಬರೆಯುತ್ತಾರೆ. ಪರೀಕ್ಷೆಗೆ ಬೇಕಾದ ದಿನಚರಿಯನ್ನು ತಿದ್ದುತ್ತೇನೆ, ಅಂಕ ಕೊಡುತ್ತೇನೆ. ಸ್ವಂತದ ಪುಟ ಇದ್ದರೆ ಅದನ್ನು ಮಡಚಿ, ಪಿನ್ ಹಾಕಿ ಕೊಡಲಿಕ್ಕೆ ಹೇಳಿದ್ದೇನೆ. ಹೊರಗಿನಿಂದ ತಾರೀಕು ನೋಡಿ ಸಹಿ ಹಾಕುತ್ತೇನೆ. ಒಳಗೆ ಕಾಗುಣಿತ ತಪ್ಪಿದ್ದರೆ ಇರಲಿ. ಹೇಳಲೇಬೇಕಾದ ಸಂಕಟ ಇದ್ದರೆ ಪಿನ್ ಹಾಕದೆ ಕೊಡಿ, ನಾನೊಬ್ಬಳೇ ಓದುತ್ತೇನೆ ಅಂದಿದ್ದೇನೆ. ಮೊದಲ ಎರಡು ವಾರ ಎಲ್ಲರದ್ದೂ ಪಿನ್ ಹಾಕಿಯೇ ಬಂತು. ಮೂರನೇ ವಾರ ಒಂದು ಪುಟ ಪಿನ್ ಇಲ್ಲದೆ ಬಂತು.

ಅದರಲ್ಲಿ ಏನಿತ್ತು ಅಂತ ಕೇಳಬೇಡಿ.

ನಿಮ್ಮ ಮನೆಯಲ್ಲೂ ಮೊಬೈಲು ಹಿಡಿದು ಮೂಲೆಯಲ್ಲಿ ಕೂತ ಮಗು ಇದ್ದರೆ, ಯಾವಾಗಲೂ ಆಟವೇ ಆಡುತ್ತಿರುವುದು ಅಂತ ತಿಳಿಯಬೇಡಿ. ಬರೆಯುತ್ತಲೂ ಇರಬಹುದು. ಕಸಿದು ಓದಬೇಡಿ. ಅರ್ಕಾವತ್ತು ಎಲ್ಲಿ ಉಂಟು ಅಂತ ಕೇಳಿದರೆ ಮಾತ್ರ ಹೇಳಿಕೊಡಿ.